ಲೆನ್ಸಿಗೆ ಟೋಪಿ ಹಾಕುವ ಕಷ್ಟ

ಹಳೆಯ ಕ್ಯಾಮೆರಾ ಲೆನ್ಸುಗಳು ಕೈಯಿಂದ ಕೈಗೆ ದಾಟುತ್ತ ನಾಲ್ಕಾರು ಸಂಸಾರ ಕಂಡಿರುತ್ತವೆ. ಈ ಓಡಾಟದಲ್ಲಿ ಮೊದಲು ಕಾಣೆಯಾಗುವುದು ಕ್ಯಾಪ್. ನನ್ನ ಹೀಲಿಯಸ್ 44-2 ಕೂಡ ಬೋಳುತಲೆಯಲ್ಲೇ ಮನೆಗೆ ಬಂದಿತು. ಸೋವಿಯತ್ ಕಾಲದ, 58 ಮಿ.ಮೀ. ಸಂಗಮದೂರದ (ಫೋಕಲ್ ಲೆಂತ್) ಲೆನ್ಸ್, ಜರ್ಮನಿಯ ಕಾರ್ಲ್ ಜೈಸ್ ಕಂಪನಿಯ ಬಯೋಟಾರ್ ಲೆನ್ಸಿನ ವಿನ್ಯಾಸವನ್ನು ಅನುಸರಿಸಿ ಮಾಡಿದ್ದು, ಹಿನ್ನೆಲೆಯ ಎಲೆಗಳನ್ನೆಲ್ಲ ಸುಳಿ ಸುತ್ತಿಸಿ ತೋರಿಸುವುದಕ್ಕೆ ಹೆಸರುವಾಸಿ. ಇಂಥ ಘನಸ್ತಿಕೆಯ ವಸ್ತುವಿಗೆ ಪ್ಲಾಸ್ಟಿಕ್ ಮುಚ್ಚಳವೇ? ಪ್ಲಾಸ್ಟಿಕ್ಕಿನದು ಅಗ್ಗ, ಹಗುರ, ಸರಿಯಾಗಿ ಕೂರುತ್ತದೆ, ಬೇಕೆಂದಾಗ ಸಿಗುತ್ತದೆ. ಹವ್ಯಾಸಿಯೊಬ್ಬ ಅದನ್ನು ತಿರಸ್ಕರಿಸಲು ಇಷ್ಟು ಕಾರಣ ಸಾಕು. ಚರ್ಮದ ಕ್ಯಾಪನ್ನು ಕೈಯಾರೆ ಮಾಡುವುದೆಂದು ತೀರ್ಮಾನವಾಯಿತು.

ಮೊದಲ ತಕರಾರು ಅಳತೆಯದು. ಲೆನ್ಸಿನ ವಿವರದಲ್ಲಿ 49 ಮಿ.ಮೀ. ಎಂದಿರುತ್ತದೆ. ಅದು ಫಿಲ್ಟರ್ ಕೂರಿಸುವ ತಿರುಪಿನ ಲೆಕ್ಕ. ಹೊರಗಿನಿಂದ ಹೊದಿಸುವ ಕ್ಯಾಪಿಗೆ ಆ ಅಂಕಿಯಿಂದ ಕವಡೆ ಕಾಸಿನ ಪ್ರಯೋಜನವಿಲ್ಲ. ಹೊರ ಅಂಚಿಗೆ ಕ್ಯಾಲಿಪರ್ ಹಿಡಿದರೆ 51 ತೋರಿಸುತ್ತದೆ. ಸರಿ, ಅದನ್ನು ಪೈಯಿಂದ ಗುಣಿಸಿ 160 ಮಿ.ಮೀ. ಪಟ್ಟಿ ಕತ್ತರಿಸಿ ಬಳೆ ಮಾಡಿದರೆ, ಲೆನ್ಸ್ ಅದರೊಳಗೆ ಬರಲು ಒಪ್ಪುವುದೇ ಇಲ್ಲ. ಚರ್ಮಕ್ಕೂ ಒಂದು ದಪ್ಪವಿದೆಯಲ್ಲ! 2 ಮಿ.ಮೀ. ದಪ್ಪದ ಪಟ್ಟಿಯನ್ನು ಬಾಗಿಸಿದಾಗ ಹೊರಮೈ ಹಿಗ್ಗುತ್ತದೆ, ಒಳಮೈ ಮುದುಡುತ್ತದೆ. ಲೆಕ್ಕ ಹಿಡಿಯಬೇಕಾದದ್ದು ದಪ್ಪದ ನಟ್ಟನಡುವಿನ ವ್ಯಾಸಕ್ಕೆ, ಅಂದರೆ 53ಕ್ಕೆ. ಪಟ್ಟಿ 166 ದಾಟಬೇಕು. ಪೈ ಕಲಿಸಿದ ಮೇಷ್ಟರು ವೃತ್ತಕ್ಕೆ ದಪ್ಪವೂ ಇರುತ್ತದೆಂದು ಒಮ್ಮೆಯೂ ಬಾಯಿ ಬಿಟ್ಟಿರಲಿಲ್ಲ.

ಇನ್ನು ಚರ್ಮ. ಮನೆಯಲ್ಲಿ ಸುಲಭವಾಗಿ ಸಿಗುವುದು ಹಳೆಯ ಬ್ಯಾಗಿನದು.

"ಇದನ್ನು ನೀನು ಈಗ ಬಳಸುತ್ತಿಲ್ಲ ತಾನೇ?"

"ಬಳಸುತ್ತಿಲ್ಲ. ಹಾಗೆಂದು ಕತ್ತರಿಸಿ ಎಂದೂ ಹೇಳಿಲ್ಲ" ಎಂದಳು ಹೆಂಡತಿ. ಎರಡನೆಯ ವಾಕ್ಯ ಬರುವಷ್ಟರಲ್ಲಿ ಕತ್ತರಿ ಬ್ಯಾಗಿನ ಹಿಡಿಕೆಯವರೆಗೆ ತಲುಪಿತ್ತು. ದುರದೃಷ್ಟಕ್ಕೆ ಅದು ಕ್ರೋಮ್ ಹದದ ಚರ್ಮ. ಕ್ರೋಮಿಯಂ ಲವಣಗಳಿಂದ ತೊಗಲನ್ನು ಹದ ಮಾಡುವ ಈ ವಿಧಾನ 19ನೆಯ ಶತಮಾನದ ಕೊನೆಯ ಭಾಗದಲ್ಲಿ ಬಳಕೆಗೆ ಬಂದದ್ದು. ಚರ್ಮ ಮೆತ್ತಗಿರುತ್ತದೆ, ನೀರಿಗೆ ಅಷ್ಟಾಗಿ ಜಗ್ಗುವುದಿಲ್ಲ. ಬ್ಯಾಗಿಗೆ ಅದು ಗುಣ, ಕ್ಯಾಪಿಗೆ ದೋಷ: ಅಚ್ಚಿನ ಮೇಲೆ ಎಳೆದು ಎಷ್ಟು ಒಣಗಿಸಿದರೂ ಬಿಚ್ಚಿದ ಮೇಲೆ ಮತ್ತೆ ಜೋಲುಮೋರೆ ಹಾಕುತ್ತದೆ. ಆಕಾರ ಹಿಡಿದು ನಿಲ್ಲುವುದು ಮರದ ತೊಗಟೆಯ ಒಗರಿನಲ್ಲಿ ಹದಗೊಂಡ ಚರ್ಮ ಮಾತ್ರ. ಬ್ಯಾಗ್ ಹೋಯಿತು, ಕ್ಯಾಪ್ ಬರಲಿಲ್ಲ.

ತೊಗಟೆ ಹದದ ಚರ್ಮವನ್ನು ತರಿಸಿದ್ದಾಯಿತು. ಅದನ್ನು ನೆನೆಸಿ, ಅಚ್ಚಿನ ಮೇಲೆ ಎಳೆದು, ದಾರ ಬಿಗಿದು ಒಣಗಲು ಬಿಡಬೇಕು. ಲೆನ್ಸನ್ನೇ ಅಚ್ಚು ಮಾಡಿಕೊಂಡು ಒದ್ದೆ ಚರ್ಮ ಹೊದಿಸುವ ಎದೆಗಾರಿಕೆ ಯಾರಿಗಿದೆ? ಹಾಗಾಗಿ ಅದಕ್ಕಿಂತ ಕೂದಲೆಳೆಯಷ್ಟು ದೊಡ್ಡದಾದ ಗುಂಡನೆಯ ವಸ್ತುವಿಗಾಗಿ ಕ್ಯಾಲಿಪರ್ ಹಿಡಿದು ಮನೆಯೆಲ್ಲ ಶೋಧ. ಔಷಧದ ಬಾಟಲಿ 48. ಟಾರ್ಚಿನ ತಲೆ 50. ಪೌಡರ್ ಡಬ್ಬಿ ಗುಂಡಗೇ ಇಲ್ಲ, ಮೊಟ್ಟೆಯಾಕಾರ. ಇಷ್ಟು ಕಾಲ ಅದು ನಮ್ಮೆಲ್ಲರ ಕಣ್ಣಿಗೆ ಮಣ್ಣೆರಚಿತ್ತು. "ಅಪ್ಪ ಕೈಗೆ ಸಿಕ್ಕಿದ್ದನ್ನೆಲ್ಲ ಅಳೆಯುತ್ತಿದ್ದಾರೆ" ಎಂದು ಮಗಳು ಫೋನಿನಲ್ಲಿ ಯಾರಿಗೋ ವರದಿ ಒಪ್ಪಿಸುತ್ತಿದ್ದಳು. ಕೊನೆಗೆ ಒದಗಿದ್ದು ಹೆಂಡತಿಯ ಫೇಸ್ ಕ್ರೀಮ್ ಡಬ್ಬಿಯ ಮುಚ್ಚಳ. ಸರಿಯಾಗಿ 52.

ಒದ್ದೆ ಚರ್ಮ ಒಣಗುತ್ತ ಕುಗ್ಗುತ್ತದೆ. ಬೆಳಗಾಗುವಷ್ಟರಲ್ಲಿ ಅದು ಮುಚ್ಚಳವನ್ನೂ ಡಬ್ಬಿಯ ಕತ್ತನ್ನೂ ಒಟ್ಟಿಗೆ ಅಮರಿಕೊಂಡಿತ್ತು. ಚರ್ಮ ಬಿಡದು, ಮುಚ್ಚಳ ತೆರೆಯದು. ಹೊರಗೆ ಹೊರಟು ನಿಂತಿದ್ದ ಹೆಂಡತಿ ಡಬ್ಬಿಯನ್ನು ಒಂದೆರಡು ಸಲ ತಿರುಚಿ ನೋಡಿ, "ಕ್ಯಾಪ್ ಚೆನ್ನಾಗಿ ಕೂತಿದೆ" ಎಂದಷ್ಟೇ ಹೇಳಿದಳು. ಆ ಧಾಟಿ ಕೇಳಿದ ಮೇಲೆ ನಾನು ಅಚ್ಚಿನ ವಿಧಾನವನ್ನು ಕೈಬಿಟ್ಟು ಹೊಲಿಗೆಯ ದಾರಿ ಹಿಡಿದೆ.

ಹೊಲಿಗೆಯೆಂದರೆ ಒಂದು ಬಿಲ್ಲೆ, ಅದರ ಸುತ್ತ ಒಂದು ಪಟ್ಟಿ. ಮೇಣ ಸವರಿದ ಒಂದೇ ದಾರದ ಎರಡೂ ತುದಿಗೆ ಸೂಜಿ. ಪ್ರತಿ ತೂತಿನಲ್ಲೂ ಎರಡು ಸೂಜಿಗಳು ಎದುರುಬದುರಾಗಿ ದಾಟಬೇಕು. ಒಂದು ಎಳೆ ಸವೆದು ಹರಿದರೂ ಇನ್ನೊಂದು ಹಿಡಿದಿರುತ್ತದೆ, ಯಂತ್ರದ ಹೊಲಿಗೆಗೆ ಈ ಭಾಗ್ಯವಿಲ್ಲ. 4 ಮಿ.ಮೀ.ಗೊಂದರಂತೆ ದಬ್ಬಳದಿಂದ ನಲವತ್ತು ಚಿಲ್ಲರೆ ತೂತು. ಬಿಲ್ಲೆಯಲ್ಲಿ ಎಷ್ಟೋ ಪಟ್ಟಿಯಲ್ಲೂ ಅಷ್ಟೇ. ಒಂದು ಹೆಚ್ಚಾದರೂ ಕ್ಯಾಪ್ ಕತ್ತು ಉಳುಕಿದವರ ಭಂಗಿಗೆ ಬರುತ್ತದೆ. ಎರಡೂ ಕೈ ಸಿಕ್ಕಿಹಾಕಿಕೊಂಡ ಹೊತ್ತಿಗೇ ಕರೆಗಂಟೆ ಹೊಡೆಯುವುದು ನಿಯಮ. ಬಾಯಲ್ಲಿ ದಾರ, ಕೈಯಲ್ಲಿ ದಬ್ಬಳ ಹಿಡಿದು ಬಾಗಿಲು ತೆರೆದವನನ್ನು ಕಂಡ ಕೊರಿಯರ್ ಹುಡುಗ ಪೊಟ್ಟಣವನ್ನು ಹೊಸ್ತಿಲಲ್ಲಿಟ್ಟು, ಸಹಿಯನ್ನೂ ಕೇಳದೆ ಮೆಟ್ಟಿಲಿಳಿದ.

ಅಂತೂ ಕ್ಯಾಪ್ ಕೂತಿತು. ಬಿಗಿಯಾಗಿದೆಯೆಂದು ತಿರುಗಿಸಿ ತೆಗೆದರೆ ಜೊತೆಗೆ ಫೋಕಸ್ ಬಳೆಯೂ ತಿರುಗುತ್ತದೆ. ಅದಿರಲಿ, ಚರ್ಮದ ಒಳಮೈಯಿಂದ ಉದುರುವ ಸಣ್ಣ ನಾರೆಲ್ಲ ಗಾಜಿನ ಮೇಲೆ! ಧೂಳು ತಡೆಯಲು ಮಾಡಿದ್ದೇ ಧೂಳಿನ ಕಾರ್ಖಾನೆ. ಅದಕ್ಕೆ ಮಖಮಲ್ಲಿನ ಅಸ್ತರಿ ಕೊಟ್ಟು ಬಾಯಿ ಮುಚ್ಚಿಸಿದ್ದಾಯಿತು.

ಛಾಯಾಗ್ರಹಣದ ಆರಂಭದ ದಶಕಗಳಲ್ಲಿ ಕ್ಯಾಪೇ ಶಟರ್ ಆಗಿತ್ತು. ಛಾಯಾಗ್ರಾಹಕ ಅದನ್ನು ತೆಗೆದು, ಸೆಕೆಂಡುಗಳನ್ನು ಎಣಿಸಿ, ಮತ್ತೆ ಮುಚ್ಚಿದರೆ ಚಿತ್ರ ಮುಗಿಯಿತು. ಆಗ ಅದಕ್ಕೊಂದು ಉದ್ಯೋಗವಿತ್ತು. ನನ್ನದಕ್ಕೆ? ಚರ್ಮ ತೇವವನ್ನು ಹಿಡಿದಿಟ್ಟುಕೊಳ್ಳುತ್ತದೆ. ತೇವವೂ ಕತ್ತಲೂ ಕೂಡಿದಲ್ಲಿ ಬೂಷ್ಟು; ಅದು ಸ್ರವಿಸುವ ಆಮ್ಲ ಗಾಜಿನ ಲೇಪನವನ್ನೇ ಕೊರೆಯುತ್ತದೆ. ಹಿತ್ತಾಳೆಯ ಲೆನ್ಸಾದರೆ ಚರ್ಮದ ಜಿಡ್ಡು ತಾಗಿ ಹಸಿರು ಕಿಲುಬು ಬೇರೆ. ಆದ್ದರಿಂದ ಲೆನ್ಸನ್ನು ಎತ್ತಿಡುವಾಗ ಚರ್ಮದ ಕ್ಯಾಪ್ ತೆಗೆದಿಡುವುದೇ ಕ್ಷೇಮ. ಫೋಟೋ ಹೊಡೆಯುವಾಗಲಂತೂ ತೆಗೆಯಲೇಬೇಕು. ಹಾಕಲು ಉಳಿದದ್ದು ನೆಂಟರು ಬಂದಾಗ ತೋರಿಸುವ ಹೊತ್ತು. ಎತ್ತಿಡುವಾಗ ಹಾಕಲು ಒಂದು ಪ್ಲಾಸ್ಟಿಕ್ ಮುಚ್ಚಳವನ್ನು ಸದ್ದಿಲ್ಲದೆ ತರಿಸಿಕೊಂಡಿದ್ದೇನೆ.

ಹೊರಗೆ ಒಯ್ದಾಗ ಎಲ್ಲೋ ಬಿದ್ದುಹೋದೀತೆಂದು ಕ್ಯಾಪಿಗೆ ತೆಳುವಾದ ದಾರ ಕಟ್ಟಿ ಕ್ಯಾಮೆರಾಕ್ಕೆ ತೂಗುಹಾಕಿದ್ದೇನೆ. ಕ್ಲಿಕ್ಕಿಸುವ ಗಳಿಗೆಗೆ ಸರಿಯಾಗಿ ಗಾಳಿ ಬೀಸಿ ಅದು ಲೆನ್ಸಿನ ಮುಂದೆ ಇಣುಕುತ್ತದೆ. ಅರ್ಧ ಮೀಟರಿಗಿಂತ ಹತ್ತಿರದ್ದು ಈ ಲೆನ್ಸಿಗೆ ಫೋಕಸ್ ಆಗದು. ಚಿತ್ರದ ಮೂಲೆಯಲ್ಲಿ ಕಂದುಬಣ್ಣದ ಮಸುಕು ಉಳಿಯುತ್ತದೆ. ನೋಡಿದವರೆಲ್ಲ "ಬೆರಳು ಅಡ್ಡ ಬಂದಿದೆ" ಎನ್ನುತ್ತಾರೆ. ಬೆರಳಲ್ಲ, ತೊಗಟೆ ಹದದ ಚರ್ಮ, ಎರಡು ಸೂಜಿಯ ಹೊಲಿಗೆ ಎಂದು ವಿವರಿಸಲು ತೊಡಗಿದರೆ ಮುಂದಿನ ಫೋಟೋ ಕೂಡ ನೋಡದೆ ಎದ್ದು ಹೋಗುತ್ತಾರೆ.