ಸತ್ಯಾಂಶ: ಬ್ರಿಟನ್ನಿನ ಕೆಂಪು ಫೋನ್ ಬೂತ್‌ಗಳೆಲ್ಲ ಗುಜರಿಗೆ ಹೋದವೇ?

ಮೊಬೈಲ್ ಬಂದ ಮೇಲೆ ಬ್ರಿಟನ್ನಿನ ಕೆಂಪು ಫೋನ್ ಬೂತ್‌ಗಳೆಲ್ಲ ಗುಜರಿ ಸೇರಿದವು ಎನ್ನುವ ಸಂದೇಶ ಆಗಾಗ ವಾಟ್ಸಾಪ್‌ನಲ್ಲಿ ಬರುತ್ತದೆ. ಜೊತೆಗೆ ಬಣ್ಣ ಮಾಸಿದ ಬೂತ್‌ಗಳ ಸಾಲಿನ ಫೋಟೊ. ನಂಬುವುದು ಸಹಜ. ನಮ್ಮ ಎಸ್‌ಟಿಡಿ ಬೂತ್‌ಗಳು ಮಾಯವಾದದ್ದನ್ನು ಕಂಡವರು ನಾವು, ಅಲ್ವಾ?

ಸಾವಿರಾರು ಬೂತ್ ತೆಗೆದದ್ದು ನಿಜ. ತಪ್ಪಿರುವುದು 'ಎಲ್ಲ' ಎಂಬ ಮಾತಿನಲ್ಲಿ. ಅಲ್ಲಿನ ಹಳ್ಳಿಗಳಲ್ಲಿ ಜಾಸ್ತಿ ಕಾಣುವ ಕೆ6 ಮಾದರಿ ರೂಪುಗೊಂಡದ್ದು 1935ರಲ್ಲಿ. ಎರಕದ ಕಬ್ಬಿಣದ್ದು, ತೂಕ ಅರ್ಧ ಟನ್ನಿಗಿಂತ ಹೆಚ್ಚು. ಇಂಥ 2,000ಕ್ಕೂ ಹೆಚ್ಚು ಕೆಂಪು ಬೂತ್‌ಗಳಿಗೆ ಹಳೆಯ ಕಟ್ಟಡಗಳಂತೆಯೇ ಕಾನೂನಿನ ರಕ್ಷಣೆಯಿದೆ. ಸುಮ್ನೆ ಕಿತ್ತುಹಾಕುವಂತಿಲ್ಲ. ಇನ್ನು ಸಾವಿರಾರು ಬೂತ್‌ಗಳನ್ನು 2008ರಿಂದ ಊರಿನ ಕೌನ್ಸಿಲ್‌ಗಳೇ 1 ಪೌಂಡ್ ಕೊಟ್ಟು ದತ್ತು ಪಡೆದಿವೆ. ಕೆಲವದರೊಳಗೆ ಪುಟ್ಟ ಲೈಬ್ರರಿ, ಕೆಲವದರಲ್ಲಿ ಹೃದಯ ನಿಂತಾಗ ಶಾಕ್ ಕೊಡುವ ಯಂತ್ರ. ಫೋನ್ ಹೋದರೂ ಬೂತ್ ಅದೇ ಜಾಗದಲ್ಲಿ ಊರಿನ ಗುರುತಾಗಿ ನಿಂತಿದೆ. ಅದರ ನಿಜವಾದ ಬೆಲೆ ಅಲ್ಲೇ ಇದೆ ಎಂದು ನನಗನ್ನಿಸುತ್ತದೆ.

ನೀವೇ ಪರೀಕ್ಷಿಸಬಹುದು. ಇಂಗ್ಲೆಂಡಿನ ಪಾರಂಪರಿಕ ಕಟ್ಟಡಗಳ ಅಧಿಕೃತ ಪಟ್ಟಿ ಆನ್‌ಲೈನ್‌ನಲ್ಲಿ ಉಚಿತ. ಅದರಲ್ಲಿ ಇಂಗ್ಲಿಷಿನಲ್ಲಿ 'ಕೆ6' ಎಂದು ಹುಡುಕಿದರೆ ಊರೂರಿನ ಬೂತ್ ಸಿಗುತ್ತದೆ. ಬಂದ ಫೋಟೊವನ್ನು ಗೂಗಲ್ ಲೆನ್ಸ್‌ಗೆ ಹಾಕಿ, ಅದು ಯಾವಾಗಿನದು, ಎಲ್ಲಿಯದು ಎಂದು ನೋಡಿ. ಒಂದೇ ಅಂಗಳದ ಚಿತ್ರ ಇಡೀ ದೇಶದ ಕಥೆಯಾಗಿರುವುದು ಆಗ ಗೊತ್ತಾಗುತ್ತದೆ.