ದುಃಖದಲ್ಲಿ ರಕ್ತ ಎತ್ತ ಹರಿಯುತ್ತದೆ

ಬೇಸರ, ಖಿನ್ನತೆಗಳ ಬಗೆಗಿನ ನಿಮ್ಮ ಲೇಖನ ಇಷ್ಟವಾಯಿತು. ಆದರೆ ‘ಬೇಸರವಾದಾಗ ಮೆದುಳಿಗೆ ರಕ್ತ ಕಡಿಮೆಯಾಗುತ್ತದೆ’ ಎಂಬ ಸಾಲಿಗೆ ನನ್ನ ತಕರಾರಿದೆ. ದಯವಿಟ್ಟು ತಿದ್ದಿ. ಇದನ್ನೋದಿ ಯಾರಾದರೂ ಮನೆಯವರ ಖಿನ್ನತೆಗೆ ರಕ್ತ ಹೆಚ್ಚಿಸುವ ಟಾನಿಕ್ ತಂದುಬಿಟ್ಟಾರು.

1999ರಲ್ಲಿ ನರರೋಗ ತಜ್ಞೆ ಹೆಲೆನ್ ಮೇಬರ್ಗ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನವೊಂದಿದೆ. ಆರೋಗ್ಯವಂತರಿಗೆ ತಮ್ಮದೇ ಬದುಕಿನ ದುಃಖದ ನೆನಪು ತಂದುಕೊಳ್ಳಲು ಹೇಳಿ, ಮೆದುಳಿನಲ್ಲಿ ರಕ್ತ ಎಲ್ಲಿ ಎಷ್ಟು ಹರಿಯುತ್ತಿದೆ ಎಂದು ತೋರಿಸುವ ಪೆಟ್ ಸ್ಕ್ಯಾನ್ ಮಾಡಿದರು. ಮೆದುಳಿನ ಆಳದಲ್ಲಿ, ಭಾವನೆಗೆ ಸಂಬಂಧಿಸಿದ ಭಾಗಗಳಲ್ಲಿ ರಕ್ತದ ಹರಿವು ಏರಿತ್ತು. ಹಣೆಯ ಹಿಂದೆ, ಗಮನ ಹಿಡಿದಿಡಲು ಬೇಕಾದ ಕಡೆ ಇಳಿದಿತ್ತು. ಖಿನ್ನತೆಗೆ ಔಷಧಿ ತೆಗೆದುಕೊಂಡು ಗುಣವಾದವರಲ್ಲಿ ಇದೇ ಭಾಗಗಳ ಚಟುವಟಿಕೆ ಉಲ್ಟಾ ಬದಲಾಗಿತ್ತು. ಒಂದೇ ತಲೆಯೊಳಗೆ ಒಂದು ಕಡೆ ಏರು, ಇನ್ನೊಂದು ಕಡೆ ಇಳಿತ!

ಅಪ್ಪ ತೀರಿಕೊಂಡ ವರ್ಷ ಅಮ್ಮ ಒಲೆ ಮೇಲೆ ಹಾಲಿಟ್ಟು ಅಲ್ಲೇ ನಿಂತಿರುತ್ತಿದ್ದಳು. ಉಕ್ಕಿ, ಬರ್ನರ್ ಆರಿ, ಕಟ್ಟೆಯಿಂದ ಕಾಲ ಮೇಲೆ ತೊಟ್ಟಿಕ್ಕಿದರೂ ಅವಳಿಗೆ ತಿಳಿಯುತ್ತಿರಲಿಲ್ಲ. ‘ಎದುರಿಗೇ ಇದ್ದೀಯಲ್ಲಮ್ಮ, ಕಾಣಲಿಲ್ವಾ?’ ಎಂದು ಎಷ್ಟು ಸಲ ರೇಗಿದ್ದೇನೋ. ಇಷ್ಟು ಗೊತ್ತಿದ್ದರೆ ಸುಮ್ಮನೆ ಗ್ಯಾಸ್ ಆರಿಸಿ, ಅವಳ ಪಕ್ಕ ನಿಲ್ಲುತ್ತಿದ್ದೆ.