ದಿನಕ್ಕೆ ಏಳು ರೂಪಾಯಿ

ಬೆಳಿಗ್ಗೆ ಕಾಸರಗೋಡು ಕಡೆಯ ನಮ್ಮ ಬದಿಯಡ್ಕದ ಹೋಟೆಲಲ್ಲಿ ಗೋಳಿಬಜೆ ತಿನ್ನುತ್ತಾ ಕೂತಿದ್ದೆ. ಪಕ್ಕದ ಬೆಂಚಿನವರೊಬ್ಬರು ಪೇಪರ್ ಮಡಚಿಟ್ಟು ದೊಡ್ಡ ಸ್ವರದಲ್ಲಿ ಹೇಳಿದರು, "ಜೈಲಲ್ಲಿ ಕೂತವನೂ ಸರ್ಕಾರದ ಮೇಲೆ ಕೇಸು ಹಾಕುವುದಂತೆ. ಪರಿಹಾರ ಬೇರೆ ಕೊಡಬೇಕಂತೆ ಮಾರಾಯ್ರೆ!" ಇಡೀ ಹೋಟೆಲು ನಕ್ಕಿತು. ನನ್ನ ಸಿಟ್ಟು ನಿಮಗೆ ಗೊತ್ತೇ ಇದೆ.

ಪರಿಹಾರ ಅಂದರೆ ಎಷ್ಟು, ಗೊತ್ತುಂಟಾ? ಬಿಹಾರದ ರುದುಲ್ ಸಾಹ್ 1968ರಲ್ಲೇ ಕೋರ್ಟಲ್ಲಿ ಖುಲಾಸೆಯಾಗಿದ್ದ. ಜೈಲಿಂದ ಹೊರಗೆ ಬಂದದ್ದು 1982ರಲ್ಲಿ. ಖುಲಾಸೆಯಾದ ಮೇಲೆ 14 ವರ್ಷ! ಯಾಕೆ ಬಿಡಲಿಲ್ಲ ಅಂದರೆ, ಅವನಿಗೆ ತಲೆ ಸರಿ ಇರಲಿಲ್ಲ ಅಂತ ಸರ್ಕಾರದ ಉತ್ತರ. ಅದಕ್ಕೆ ಸರಿಯಾದ ದಾಖಲೆಯೂ ಇಲ್ಲ. 1983ರಲ್ಲಿ ಸುಪ್ರೀಂ ಕೋರ್ಟು, ಮೊದಲೇ ಕೊಟ್ಟ 5,000ದ ಮೇಲೆ ಇನ್ನೂ 30,000 ರೂಪಾಯಿ ಕೊಡಿ ಎಂದಿತು. ಲೆಕ್ಕ ಹಾಕಿ ನೋಡಿದೆ. ದಿನಕ್ಕೆ ಏಳು ರೂಪಾಯಿಯೂ ಬೀಳುವುದಿಲ್ಲ. ಇದಕ್ಕೆ ನಗುವುದಾ?

ಹೆಚ್ಚು ಬೇಕಾದರೆ ಅವನು ಸಿವಿಲ್ ದಾವೆ ಹೂಡಬಹುದು ಎಂದೂ ಕೋರ್ಟು ಹೇಳಿತು. ಹೌದಪ್ಪ, ಇನ್ನೊಂದು 14 ವರ್ಷ ಅಲೆಯಲಿ. ಸರ್ಕಾರ ಬೇಕಾದರೆ ಆ ದುಡ್ಡನ್ನು ತಪ್ಪು ಮಾಡಿದ ಅಧಿಕಾರಿಗಳಿಂದ ವಸೂಲಿ ಮಾಡಬಹುದು ಎಂದೂ ಹೇಳಿತು. ಮಾಡ'ಬಹುದು'! ನಮ್ಮಲ್ಲಿ ಅಧಿಕಾರಿಗೆ ಯಾವಾಗಲೂ 'ಬಹುದು', ಕೈದಿಗೆ 'ತಕ್ಕದ್ದು'.

ಕೊಲೆಯಾದವನ ಮನೆಯವರ ಕಣ್ಣೀರಿಗೆ ಬೆಲೆ ಇಲ್ವಾ ಅಂತ ಕೆಳಗೆ ಕಮೆಂಟ್ ಹಾಕುವವರಿದ್ದೀರಿ, ಗೊತ್ತು. ಇದೆ. ಖುಲಾಸೆಯಾದವನನ್ನು ಕೂಡಿಹಾಕಿದರೆ ಆ ಕಣ್ಣೀರು ಒಣಗುತ್ತದಾ? ಶಿಕ್ಷೆಯಾದವನೇ ಆಗಲಿ, ಕೋರ್ಟು ಕೊಟ್ಟದ್ದು ಜೈಲು, ವಾರ್ಡರನ ಪೆಟ್ಟಲ್ಲ. ತಿಹಾರ್ ಜೈಲಲ್ಲಿ ವಾರ್ಡರ್ ಒಬ್ಬ ಕೈದಿಗೆ ಹಿಂಸೆ ಕೊಟ್ಟದ್ದನ್ನು ಸುನಿಲ್ ಬಾತ್ರಾ ಎಂಬ ಇನ್ನೊಬ್ಬ ಕೈದಿ ಕಾಗದ ಬರೆದು ತಿಳಿಸಿದ. ಆ ಕಾಗದವನ್ನೇ ಸುಪ್ರೀಂ ಕೋರ್ಟು ಅರ್ಜಿ ಅಂತ ತೆಗೆದುಕೊಂಡಿತು. 1979ರ ಆ ತೀರ್ಪು ಬರೆದ ವಿ. ಆರ್. ಕೃಷ್ಣ ಅಯ್ಯರ್ ಇಲ್ಲೇ ತಲಶ್ಶೇರಿಯಲ್ಲಿ ವಕೀಲರಾಗಿದ್ದವರು, 1957ರ ಕೇರಳ ಸರ್ಕಾರದಲ್ಲಿ ಮಂತ್ರಿಯಾದವರು. ಅದಕ್ಕೂ ಮೊದಲು, 1948ರಲ್ಲಿ, ಸ್ವತಃ ಜೈಲು ಕಂಡಿದ್ದರು. ಹೋಟೆಲಿನ ಬೆಂಚಲ್ಲಿ ಕೂತು ಕಾನೂನು ಕಲಿತವರಲ್ಲ.

ಇಷ್ಟು ಹಾರಾಡಿದ ಮೇಲೆ ಇದನ್ನೂ ಹೇಳಿಬಿಡುತ್ತೇನೆ. ಅಮ್ಮನ ತಮ್ಮ, ನಮ್ಮ ಮಾವ, ಬೇಲಿ ಜಗಳದಲ್ಲಿ ಎಂಟು ದಿನ ಒಳಗಿದ್ದರು. ಜಾಮೀನು ಸಿಕ್ಕಿದ್ದು ಶುಕ್ರವಾರ, ಕಾಗದ ಜೈಲಿಗೆ ಮುಟ್ಟಿದ್ದು ಸೋಮವಾರ. ಸುಮ್ನೆ ಮೂರು ರಾತ್ರಿ ಜಾಸ್ತಿ. ನಾವು ಯಾರ ಮೇಲೂ ಕೇಸು ಹಾಕಲಿಲ್ಲ. ಮಾವ ಮಂಗಳೂರಲ್ಲಿ ಆಸ್ಪತ್ರೆಯಲ್ಲಿದ್ದಾರೆ ಅಂತ ಊರಿಗೆಲ್ಲ ಸುಳ್ಳು ಹೇಳಿದವನು ನಾನೇ.

ಇವತ್ತು ಹೋಟೆಲಲ್ಲೂ ಬಾಯಿ ಬಿಡಲಿಲ್ಲ. ಅರ್ಧ ಗೋಳಿಬಜೆ ಅಲ್ಲೇ ಬಿಟ್ಟು, ಬಿಲ್ಲು ಕೊಟ್ಟು ಬಂದೆ.